ತಾರಸಿ ಕೋಣೆಯ ಮರಗೆಲಸಕ್ಕೆ ಮನೆಯಲ್ಲೇ ಗಾಳಿ ಸೋಸುವ ಪೆಟ್ಟಿಗೆ: ಹೇಗೆ ಮಾಡುವುದು?

ತಾರಸಿ ಬಡಗಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿ ಮೇಲೆ 12×10 ಅಡಿಯ ಒಂದು ಕೋಣೆ ಇದೆ. ಎತ್ತರ 10 ಅಡಿ, ಆರ್‌ಸಿಸಿ ಚಾವಣಿ, ಎದುರುಬದುರು ಎರಡು ಕಿಟಕಿ. ರಜೆ ದಿನ ಅಲ್ಲೇ ನನ್ನ ಮರಗೆಲಸ. ಸರ್ಕ್ಯುಲರ್ ಸಾ, ರೌಟರ್, ಆರ್ಬಿಟಲ್ ಸ್ಯಾಂಡರ್ ಇವೆ. ಉಳಿದದ್ದು ಕೈ ಕೆಲಸ.

ತೊಂದರೆ ಎಲ್ಲಾ ಸ್ಯಾಂಡರ್‌ನದ್ದು. ಸ್ವಲ್ಪ ಹೊತ್ತು ಉಜ್ಜಿದರೆ ಸಾಕು, ಕಿಟಕಿಯಿಂದ ಬಿಸಿಲು ಬೀಳುವ ಕಡೆ ಪುಡಿ ತೇಲುತ್ತಾ ನಿಲ್ಲುತ್ತದೆ. ಊಟ ಮಾಡಿ ಬಂದರೂ ಹಾಗೇ ಇರುತ್ತದೆ. ಕೆಳಗೆ ದೇವರ ಕೋಣೆವರೆಗೂ ಪುಡಿ ಬರುತ್ತಿದೆ ಅಂತ ಮನೆಯಲ್ಲಿ ದೂರು ಬೇರೆ. ಎನ್95 ಮಾಸ್ಕ್ ಹಾಕಿಕೊಳ್ಳುತ್ತೇನೆ, ಆದರೆ ತೆಗೆದ ಮೇಲೆ ಗಾಳಿಯಲ್ಲಿ ಉಳಿದಿದ್ದು ಒಳಗೆ ಹೋಗುತ್ತದೆ ಅಲ್ವಾ?

ಚಾವಣಿಗೆ ತೂಗುಹಾಕುವ ರೆಡಿಮೇಡ್ ಏರ್ ಕ್ಲೀನರ್ ನೋಡಿದೆ. ಹೊರದೇಶದಿಂದ ತರಿಸುವುದು, ಬೆಲೆ ಕೇಳಿ ಸುಮ್ಮನಾದೆ. ಈಗಿನ ಯೋಚನೆ ಇಷ್ಟು: ಮನೆಯಲ್ಲಿರುವ ಹಳೇ ಟೇಬಲ್ ಫ್ಯಾನ್ ಹಿಂದೆ ಒಂದು ಹೆಪಾ ಫಿಲ್ಟರ್ (ಅತಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್) ಕಟ್ಟುವುದು. ಆಗುತ್ತದಾ? ಮಾಡಿದವರು ಇದ್ದರೆ ಹೇಳಿ.

ಗುಜರಿ ಪ್ರೇಮಿ (ಬೆಂಗಳೂರು)

ಟೇಬಲ್ ಫ್ಯಾನ್ ಬೇಡ ಸಾರ್. ಅದು ಎದುರಿಗೆ ಏನೂ ಇಲ್ಲದಿದ್ದರೆ ಮಾತ್ರ ಗಾಳಿ ಕೊಡುತ್ತದೆ. ಫಿಲ್ಟರ್ ಅಡ್ಡ ಬಂದರೆ ರೆಕ್ಕೆ ತಿರುಗುತ್ತಲೇ ಇರುತ್ತದೆ, ಸದ್ದೂ ಬರುತ್ತದೆ, ಗಾಳಿ ಮಾತ್ರ ಅಂಚಿನಿಂದ ವಾಪಸ್ ಬಂದು ಅಲ್ಲೇ ಸುತ್ತುತ್ತದೆ. ಹೆಪಾ ಅಂದರೆ ಇನ್ನೂ ಬಿಗಿ.

ನಮಗೆ ಬೇಕಾಗಿರುವುದು ಎಳೆಯುವ ಶಕ್ತಿ ಇರುವ ಬ್ಲೋವರ್. ಅಳಿಲಿನ ಪಂಜರದ ಹಾಗೆ ದುಂಡಗೆ ಪಟ್ಟಿ ಪಟ್ಟಿ ಇರುತ್ತದಲ್ಲ, ಅದು. ಅದು ಎಲ್ಲಿ ಸಿಗುತ್ತದೆ ಗೊತ್ತಾ? ಅಡುಗೆಮನೆ ಚಿಮಣಿಯಲ್ಲಿ! ಜನ ಅಡುಗೆಮನೆ ಹೊಸದು ಮಾಡಿಸುವಾಗ ಹಳೇ ಚಿಮಣಿಯನ್ನು ಗುಜರಿಗೆ ಹಾಕುತ್ತಾರೆ. ಗಾಜು ಒಡೆದಿರುತ್ತದೆ, ಬಟನ್ ಕೆಟ್ಟಿರುತ್ತದೆ, ಮೋಟರ್ ಚೆನ್ನಾಗೇ ಇರುತ್ತದೆ. ನನ್ನದು ಗುಜರಿಯವನು ತೂಕದ ಲೆಕ್ಕದಲ್ಲಿ ಕೊಟ್ಟಿದ್ದು. ಹಳೇ ವಿಂಡೋ ಎಸಿಯ ಒಳಗೂ ಇಂಥದ್ದೇ ಬ್ಲೋವರ್ ಇರುತ್ತದೆ, ಆದರೆ ಬಿಚ್ಚಿ ಜೋಡಿಸುವುದು ತಲೆನೋವು.

ಬೀಟೆ ಮರ (ಶಿರಸಿ)

ನಾನು ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವನು. ಒಂದು ಮಾತು ಹೇಳಲಾ? ನಿಮ್ಮ ಕೋಣೆಗೆ ಎದುರುಬದುರು ಕಿಟಕಿ ಇದೆ ಅಂದಿರಿ. ಒಂದು ಕಿಟಕಿಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಇನ್ನೊಂದು ತೆರೆದಿಡಿ. ಮುಗಿಯಿತು. ಪುಡಿ ಹೊರಗೆ, ಹೊಸ ಗಾಳಿ ಒಳಗೆ. ಫಿಲ್ಟರ್ ಬದಲಿಸುವ ಗೋಜೇ ಇಲ್ಲ. ಸುಮ್ನೆ ಯಾಕೆ ಪೆಟ್ಟಿಗೆ, ಬ್ಲೋವರ್ ಅಂತ ತಲೆ ಕೆಡಿಸಿಕೊಳ್ಳುತ್ತೀರಿ?

ಗ್ಯಾರೇಜ್ ಕನ್ನಡಿಗ (ಮಿಷಿಗನ್)

ಬೀಟೆ ಮರ ಅವರ ಮಾತಿಗೆ ನನ್ನ ಓಟು. ಇಲ್ಲಿ ನಾವು ಗ್ಯಾರೇಜಿನಲ್ಲಿ ಸೋಸುವ ಪೆಟ್ಟಿಗೆ ಇಟ್ಟುಕೊಳ್ಳುವುದಕ್ಕೆ ಮುಖ್ಯ ಕಾರಣ ಚಳಿ. ಜನವರಿಯಲ್ಲಿ ಹೊರಗೆ ಹಿಮ. ದುಡ್ಡು ಸುರಿದು ಬಿಸಿ ಮಾಡಿದ ಗಾಳಿಯನ್ನು ಎಕ್ಸಾಸ್ಟ್ ಫ್ಯಾನಿನಿಂದ ಹೊರಗೆ ಹಾಕಿದರೆ ಕೈ ಬೆರಳು ಮರಗಟ್ಟುತ್ತದೆ. ಅದಕ್ಕೇ ಇದ್ದ ಗಾಳಿಯನ್ನೇ ಸೋಸಿ ಸೋಸಿ ಬಳಸುತ್ತೇವೆ. ಮೈಸೂರಿಗೆ ಆ ಕಷ್ಟ ಎಲ್ಲಿದೆ? ಇಂಟರ್ನೆಟ್ಟಿನಲ್ಲಿ ಸಿಗುವ ವಿಡಿಯೋ ಎಲ್ಲಾ ಇಲ್ಲಿನ ಚಳಿಗೆ ಮಾಡಿದ್ದು.

ತಾರಸಿ ಬಡಗಿ

ಎಕ್ಸಾಸ್ಟ್ ಮೊದಲು ನನ್ನ ತಲೆಯಲ್ಲೂ ಇತ್ತು. ಆದರೆ ನಮ್ಮದು 30×40 ಸೈಟು. ಒಂದು ಕಿಟಕಿಯ ಆಚೆ ಪಕ್ಕದ ಮನೆಯವರು ಬಟ್ಟೆ ಒಣಗಿಸುವ ತಂತಿ, ಬೇಸಿಗೆ ಬಂದರೆ ಹಪ್ಪಳ ಸಂಡಿಗೆ. ಇನ್ನೊಂದು ಕಿಟಕಿಯ ಆಚೆ ರಸ್ತೆ. ಅಲ್ಲಿಂದ ಬರುವ ಧೂಳು ನಾನು ಮಾಡುವ ಪುಡಿಗಿಂತ ಕಡಿಮೆಯೇನಲ್ಲ. ಸಂಡಿಗೆ ಮೇಲೆ ಸಾಗುವಾನಿ ಪುಡಿ ಉದುರಿಸಿ ಆ ಬೀದಿಯಲ್ಲಿ ಬಾಳುವುದು ಕಷ್ಟ.

ಬೀಟೆ ಮರ

ಹಾಗಾದರೆ ಪೆಟ್ಟಿಗೆಯೇ ಸರಿ. ಸಂಡಿಗೆ ವಿಷಯಕ್ಕೆ ಹೋಗಬಾರದು.

ಆದರೂ ಹೇಳುತ್ತೇನೆ, ಊರ ಕಡೆ ಜಾಗ ಇರುವವರು, ಹಿತ್ತಲ ಕಡೆ ಕಿಟಕಿ ಇರುವವರು ಇದನ್ನು ಓದುತ್ತಿದ್ದರೆ ಎಕ್ಸಾಸ್ಟ್ ಹಾಕಿ. ಗಾಳಿ ಒಳಗೆ ಬರಲು ಎದುರು ಕಡೆ ದಾರಿ ಇರಬೇಕು, ಅಷ್ಟೇ. ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಫ್ಯಾನ್ ಹಾಕಿದರೆ ಅದು ಸುಮ್ನೆ ತಿರುಗುತ್ತದೆ. ಮರದ ಪುಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೀಟೆ ಉಜ್ಜಿದ ದಿನ ನನಗೆ ಇವತ್ತಿಗೂ ಮೊಣಕೈ ಒಳಗೆ, ಕತ್ತಿನ ಸುತ್ತ ಕೆಂಪಾಗಿ ಕೆರೆತ ಬರುತ್ತದೆ. ಸಾಗುವಾನಿಯೂ ಕೆಲವರಿಗೆ ಹಾಗೆ ಮಾಡುತ್ತದೆ. ನಮ್ಮ ಅಪ್ಪನ ಕಾಲದಲ್ಲಿ ಎಲ್ಲಾ ತೋಪಡ ಹೊಡೆದು ನುಣುಪು ಮಾಡುತ್ತಿದ್ದರು. ತೋಪಡದಲ್ಲಿ ಸುರುಳಿ ಬರುತ್ತದೆ, ಪುಡಿ ಕಡಿಮೆ. ಮಷಿನ್ ಬಂದ ಮೇಲೆ ಕೆಲಸ ಬೇಗ ಆಗುತ್ತದೆ, ಮೂಗೂ ಬೇಗ ಕಟ್ಟುತ್ತದೆ.

ಫಿಲ್ಟರ್ ಮಾಮ (ಬೊಮ್ಮಸಂದ್ರ)

ಔಷಧ ಕಾರ್ಖಾನೆಗಳ ಗಾಳಿ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು, ಊಟ ಮಾಡಿ ಬಂದರೂ ಪುಡಿ ಯಾಕೆ ತೇಲುತ್ತದೆ ಅನ್ನುವುದು. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣ ಎರಡು ಮೀಟರ್ ಇಳಿಯಲು ಸುಮಾರು 11 ನಿಮಿಷ ಬೇಕು. 1 ಮೈಕ್ರಾನ್ ಕಣಕ್ಕೆ ಹೆಚ್ಚುಕಡಿಮೆ 16 ಗಂಟೆ ಬೇಕು. ಮನೆಯೊಳಗಿನ ಗಾಳಿ ಅಲುಗಾಡದೆ ಇರುವುದೇ ಇಲ್ಲ, ಆದ್ದರಿಂದ ಸಣ್ಣ ಕಣ ಕೆಳಗೆ ಕೂರುವುದನ್ನು ಕಾಯುತ್ತಾ ಇರುವುದು ವ್ಯರ್ಥ. ಕಣ್ಣಿಗೆ ಕಾಣುವ ಪುಡಿ ಮೂಗಿನಲ್ಲೇ ನಿಲ್ಲುತ್ತದೆ. ಕಾಣದೇ ಇರುವುದು ಶ್ವಾಸಕೋಶದ ಒಳಗೆ ಇಳಿಯುತ್ತದೆ. ಮೂಗಿನಲ್ಲಿ ನಿಲ್ಲುವುದೂ ಒಳ್ಳೆಯದಲ್ಲ: ಮರದ ಪುಡಿ ಮೂಗಿನ ಒಳಭಾಗದ ಕ್ಯಾನ್ಸರಿಗೆ ಕಾರಣ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಅದನ್ನು ಮೊದಲ ಗುಂಪಿಗೆ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ, ಸೇರಿಸಿದೆ. ವರ್ಷಗಟ್ಟಲೆ ದಿನವೂ ಪುಡಿಯಲ್ಲಿ ಇರುವವರ ಮಾತು ಅದು. ರಜೆ ದಿನ ಮಾಡುವವರು ಹೆದರಿ ಕೆಲಸ ಬಿಡುವುದು ಬೇಡ.

ಈಗ ಫಿಲ್ಟರ್. ಇಲ್ಲಿ ಎಲ್ಲರೂ ತಪ್ಪು ದಾರಿ ಹಿಡಿಯುವುದು ಹೆಪಾ ಹೆಸರು ಕೇಳಿ. ಒಂದು ಸಲಕ್ಕೆ 99.9 ಭಾಗ ಹಿಡಿಯುವುದು ಆಪರೇಷನ್ ಥಿಯೇಟರಿಗೆ ಬೇಕು. ನಿಮ್ಮ ಕೋಣೆಯಲ್ಲಿ ಅದೇ ಗಾಳಿ ಗಂಟೆಗೆ ಹತ್ತು ಸಲ ಪೆಟ್ಟಿಗೆಯ ಒಳಗೆ ಹಾದು ಬರುತ್ತದೆ. ಸಲಕ್ಕೆ ಮುಕ್ಕಾಲು ಭಾಗ ಹಿಡಿದು ಜಾಸ್ತಿ ಗಾಳಿ ಎಳೆಯುವ ಫಿಲ್ಟರ್, ಎಲ್ಲಾ ಹಿಡಿದು ಗಾಳಿಯನ್ನೇ ಬಿಡದ ಫಿಲ್ಟರಿಗಿಂತ ಬೇಗ ಕೋಣೆ ತಿಳಿಯಾಗಿಸುತ್ತದೆ.

ಇಂಥ ಫಿಲ್ಟರಿನ ದರ್ಜೆಗೆ ಅಮೆರಿಕದವರು ಮರ್ವ್ 13 ಅನ್ನುತ್ತಾರೆ. ಅದು 1ರಿಂದ 3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ 85 ಭಾಗ, 0.3ರಿಂದ 1 ಮೈಕ್ರಾನ್ ಕಣಗಳಲ್ಲಿ ಕನಿಷ್ಠ 50 ಭಾಗ ಹಿಡಿಯಬೇಕು. ನಮ್ಮ ಅಂಗಡಿಗಳಲ್ಲಿ ಆ ಹೆಸರು ಹೇಳಿದರೆ ಮುಖ ನೋಡುತ್ತಾರೆ. ಎಫ್7 ಅನ್ನಿ, ಅಥವಾ ಎಎಚ್‌ಯು (ದೊಡ್ಡ ಕಟ್ಟಡಗಳಿಗೆ ಗಾಳಿ ಕೊಡುವ ಯಂತ್ರ) ಫೈನ್ ಫಿಲ್ಟರ್ ಅನ್ನಿ, ಕೊಡುತ್ತಾರೆ. ಎಫ್7 ಅನ್ನುವ ದರ್ಜೆ ಇದ್ದ ಹಳೇ ಯುರೋಪಿನ ಮಾನದಂಡ 2018ರಲ್ಲೇ ಹೋಯಿತು, ಆದರೆ ಅಂಗಡಿ ಬಾಯಲ್ಲಿ ಈಗಲೂ ಅದೇ ಓಡುತ್ತದೆ. ಅಳತೆ 24×24 ಇಂಚು. ಅದಕ್ಕೆ ಮುಂದೆ ದಪ್ಪ ಪುಡಿ ಹಿಡಿಯುವ, ಒಗೆಯಲು ಬರುವ ಒಂದು ಪ್ರೀ ಫಿಲ್ಟರ್, ಜಿ4 ದರ್ಜೆಯದು.

ತಾರಸಿ ಬಡಗಿ

ಮಾಮ, ತುಂಬಾ ಥ್ಯಾಂಕ್ಸ್. ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

ಫಿಲ್ಟರ್ ಮಾಮ

ನಿಮ್ಮ ಕೋಣೆ 1200 ಘನ ಅಡಿ, ಅಂದರೆ 34 ಘನ ಮೀಟರ್. ಗಂಟೆಗೆ ಎಂಟು ಸಲ ಬದಲಾಗಲಿ ಅಂದುಕೊಳ್ಳಿ. 34×8, ಗಂಟೆಗೆ 272 ಘನ ಮೀಟರ್. ಸ್ಯಾಂಡರ್ ಜಾಸ್ತಿ ಓಡಿಸುವವರು ಹತ್ತು ಹದಿನೈದು ಸಲ ಇಟ್ಟುಕೊಂಡರೆ ಒಳ್ಳೆಯದು.

ಚಿಮಣಿ ಡಬ್ಬದ ಮೇಲೆ 1000, 1200 ಅಂತ ಬರೆದಿರುತ್ತದೆ. ಅದು ಎದುರಿಗೆ ಏನೂ ಇಲ್ಲದಾಗಿನ ಲೆಕ್ಕ. ಅರ್ಧ ಸಿಕ್ಕರೂ ನಿಮಗೆ ಧಾರಾಳ. ಇನ್ನೊಂದು ಮಜಾ ನೋಡಿ. 24×24 ಇಂಚಿನ ಒಂದು ಫಿಲ್ಟರನ್ನು ಕಾರ್ಖಾನೆಯಲ್ಲಿ ಗಂಟೆಗೆ ಸುಮಾರು 3400 ಘನ ಮೀಟರಿಗೆ ಬಳಸುತ್ತೇವೆ. ನೀವು ಎರಡು ಫಿಲ್ಟರ್ ಹಾಕಿ ಬರೀ 500 ಎಳೆಯುತ್ತೀರಿ. ಗಾಳಿ ಅದರ ಮೇಲೆ ಎಷ್ಟು ನಿಧಾನ ಹೋಗುತ್ತದೆ ಅಂದರೆ ಕೈ ಇಟ್ಟರೂ ಗೊತ್ತಾಗುವುದಿಲ್ಲ. ಮೋಟರಿಗೆ ಭಾರ ಇಲ್ಲ, ಫಿಲ್ಟರ್ ತುಂಬಾ ದಿನ ಬರುತ್ತದೆ. ದುಡ್ಡು ಇದ್ದರೆ ಇನ್ನೂ ಒಳ್ಳೆಯ ದರ್ಜೆಯ ಫಿಲ್ಟರ್ ತರುವುದಕ್ಕಿಂತ ಇನ್ನೊಂದು ಫಿಲ್ಟರ್ ಜಾಸ್ತಿ ಹಾಕಿ.

ಗ್ಯಾರೇಜ್ ಕನ್ನಡಿಗ

ಇದೇ ತರ್ಕದ ಮೇಲೆ ನಿಂತಿದ್ದು ಕೋರ್ಸಿ-ರೋಸೆಂತಾಲ್ ಪೆಟ್ಟಿಗೆ. 2020ರಲ್ಲಿ ಕೋವಿಡ್ ಹೊತ್ತಿಗೆ ರಿಚರ್ಡ್ ಕೋರ್ಸಿ ಅನ್ನುವ ಎಂಜಿನಿಯರಿಂಗ್ ಪ್ರೊಫೆಸರ್, ಟೆಕ್ಸಾಸಿನಲ್ಲಿ ಫಿಲ್ಟರ್ ಕಂಪನಿ ನಡೆಸುತ್ತಿದ್ದ ಜಿಮ್ ರೋಸೆಂತಾಲ್ ಇಬ್ಬರೂ ಸೇರಿ ಮಾಡಿದ್ದು. 20 ಇಂಚಿನ ನಾಲ್ಕು ಮರ್ವ್ 13 ಫಿಲ್ಟರ್ ನಿಲ್ಲಿಸಿ ಡಬ್ಬ ಮಾಡಿ, ಮೇಲೆ ಚೌಕದ ಬಾಕ್ಸ್ ಫ್ಯಾನ್, ಕೆಳಗೆ ರಟ್ಟು, ಸುತ್ತ ಟೇಪ್. ಶಾಲೆ ಮಕ್ಕಳು ಕೂತು ಕಟ್ಟಿದ್ದಾರೆ. ಬಾಕ್ಸ್ ಫ್ಯಾನಿಗೂ ಎಳೆಯುವ ಶಕ್ತಿ ಕಡಿಮೆಯೇ, ಆದರೆ ಫಿಲ್ಟರಿನ ಒಟ್ಟು ಮೈ ದೊಡ್ಡದಾದ್ದರಿಂದ ನಡೆಯುತ್ತದೆ. ಫ್ಯಾನಿನ ನಾಲ್ಕು ಮೂಲೆಗೆ ರಟ್ಟು ಮುಚ್ಚಿ ನಡುವೆ ದುಂಡಗೆ ತೂತು ಬಿಟ್ಟರೆ ಗಾಳಿ ಇನ್ನೂ ಜಾಸ್ತಿ ಬರುತ್ತದೆ. ಮೂಲೆಗಳಿಂದ ವಾಪಸ್ ನುಗ್ಗುವುದು ನಿಲ್ಲುತ್ತದೆ, ಅದಕ್ಕೆ.

ನನ್ನ ಗ್ಯಾರೇಜಿನಲ್ಲಿ ಇರುವುದು ಅದೇ. ರಜೆಗೆ ಬರುವಾಗ ಫ್ಯಾನ್ ತರಲಾ ಅಂತ ತಮ್ಮ ಕೇಳಿದ್ದ. ಬೇಡ ಅಂದೆ. ಇಲ್ಲಿನದು 120 ವೋಲ್ಟ್. ಅಲ್ಲಿ 230ಕ್ಕೆ ಸಿಕ್ಕಿಸಿದರೆ ಹೊಗೆಯನ್ನೂ ಅದೇ ಸೋಸಬೇಕಾಗುತ್ತದೆ.

ಪುಟ್ಟಿಯ ಅಮ್ಮ (ದಾವಣಗೆರೆ)

ನಾನು ಮನೆಯಲ್ಲೇ ಮರದ ಸಣ್ಣ ಆಟಿಕೆ ಮಾಡುತ್ತೇನೆ. ಏರ್ ಕೂಲರ್ ಇದೆ. ಗಾಳಿ ಒದ್ದೆ ಪ್ಯಾಡಿನ ಮೂಲಕ ಬರುತ್ತದಲ್ಲ, ಪುಡಿ ಅದರಲ್ಲೇ ಹಿಡಿಯುವುದಿಲ್ವಾ? ಇದ್ದದ್ದರಲ್ಲೇ ಆಗಿದ್ದರೆ ಅನ್ನುವ ಆಸೆ.

ಹುಬ್ಬಳ್ಳಿ ಲೇಥ್

ಇಲ್ಲ ಅಕ್ಕಾರ, ನಾನೂ ನೋಡಿದ್ದೇನೆ. ಕೂಲರ್ ಪ್ಯಾಡಿನಲ್ಲಿ ದಪ್ಪ ಪುಡಿ ಮಾತ್ರ ಅಂಟುತ್ತದೆ. ಸಣ್ಣದು ಹಾದು ಹೋಗುತ್ತದೆ. ಆಮೇಲೆ ಆ ಪುಡಿ ನೀರಿನ ತೊಟ್ಟಿಗೆ ಇಳಿದು ಅಂಬಲಿ ಆಗುತ್ತದೆ, ಪಂಪ್ ಕಟ್ಟುತ್ತದೆ, ವಾಸನೆ ಬರುತ್ತದೆ. ಕೋಣೆಯ ತೇವ ಏರಿ ಮರ ಉಬ್ಬುವುದು ಬೇರೆ.

ಪುಟ್ಟಿಯ ಅಮ್ಮ

ಅಂಬಲಿ ಅಂದ ಮೇಲೆ ಬಿಟ್ಟೆ.

ಕರಾವಳಿ ಮಳೆ (ಉಡುಪಿ)

ತೇವದ ಮಾತು ಬಂತಲ್ಲ. ನಮ್ಮ ಕಡೆ ರಟ್ಟಿನ ಪೆಟ್ಟಿಗೆ ಆಷಾಢ ಮುಗಿಯುವುದರೊಳಗೆ ಹಪ್ಪಳದ ಹಿಟ್ಟಾಗುತ್ತದೆ. ಟೇಪಿನ ಅಂಟು ಬಿಡುತ್ತದೆ. ಫಿಲ್ಟರಿನ ಚೌಕಟ್ಟೂ ರಟ್ಟಿನದಾದರೆ ಬೂಷ್ಟು ಹಿಡಿಯುತ್ತದೆ. ಘಟ್ಟದ ಕೆಳಗಿನವರು ಪ್ಲೈವುಡ್ ಅಥವಾ ಪಿವಿಸಿ ಫೋಮ್ ಶೀಟಿನಲ್ಲಿ ಪೆಟ್ಟಿಗೆ ಮಾಡಿ, ಫಿಲ್ಟರ್ ಅಲ್ಯೂಮಿನಿಯಂ ಚೌಕಟ್ಟಿನದು ಕೇಳಿ ತನ್ನಿ. ಮಳೆಗಾಲದಲ್ಲಿ ಕೆಲಸ ಇಲ್ಲದ ದಿನವೂ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು. ಫಿಲ್ಟರಿನಲ್ಲಿ ಕೂತ ಮರದ ಪುಡಿ ನೀರು ಹೀರಿ ಹಾಗೇ ನಿಂತರೆ ಪೆಟ್ಟಿಗೆ ತೆರೆದಾಗ ಬರುವ ವಾಸನೆ ಹೇಳುವ ಹಾಗಿಲ್ಲ.

ಗುಜರಿ ಪ್ರೇಮಿ

ಸರಿ, ನನ್ನ ಪೆಟ್ಟಿಗೆ ಹೇಗೆ ಮಾಡಿದೆ ಅಂತ ಬರೆಯುತ್ತೇನೆ. ಫೋಟೋ ಅಪ್‌ಲೋಡ್ ಆಗುತ್ತಿಲ್ಲ, ಮಾತಿನಲ್ಲೇ ನೋಡಿಕೊಳ್ಳಿ.

12 ಎಂಎಂ ಪ್ಲೈವುಡ್ಡಿನ ಡಬ್ಬ. ಎದುರುಬದುರು ಎರಡು ಮಗ್ಗುಲು ಪೂರ್ತಿ ತೆರೆದಿವೆ, ಅಲ್ಲಿ 24×24ರ ಎರಡು ಫಿಲ್ಟರ್ ಕೂರುತ್ತವೆ. ನಡುವೆ ಚಿಮಣಿ ಬ್ಲೋವರ್. ಅದರ 6 ಇಂಚಿನ ಬಾಯಿ ಮುಂದಿನ ಹಲಗೆಯ ತೂತಿನಿಂದ ಹೊರಗೆ. ಅಂದರೆ ಗಾಳಿ ಎರಡು ಕಡೆಯಿಂದ ಸೋಸಿ ಒಳಗೆ ಬರುತ್ತದೆ, ಒಂದು ಕಡೆಯಿಂದ ಹೊರಗೆ ಹೋಗುತ್ತದೆ. ಮೋಟರ್ ಯಾವಾಗಲೂ ಸೋಸಿದ ಗಾಳಿಯಲ್ಲೇ ಇರುತ್ತದೆ.

ಹಳೇ ಚಿಮಣಿ ತಂದ ಮೇಲೆ ಮೊದಲ ಕೆಲಸ ಜಿಡ್ಡು ತೆಗೆಯುವುದು. ಇದನ್ನು ಹಗುರ ಮಾಡಬೇಡಿ. ವರ್ಷಗಟ್ಟಲೆ ಒಗ್ಗರಣೆಯ ಎಣ್ಣೆ ಆ ಪಟ್ಟಿಗಳ ಮೇಲೆ ಅಂಟಾಗಿ ಕೂತಿರುತ್ತದೆ. ಹಾಗೇ ಬಿಟ್ಟರೆ ಅಳಿದುಳಿದ ಪುಡಿ ಅದಕ್ಕೆ ಮೆತ್ತಿ ಬ್ಲೋವರ್ ಒಂದು ಕಡೆ ಭಾರವಾಗುತ್ತದೆ, ಡಬ್ಬವೆಲ್ಲಾ ನಡುಗುತ್ತದೆ. ಚಕ್ರವನ್ನು ಮೋಟರಿನಿಂದ ಬಿಚ್ಚಿ, ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಪಟ್ಟಿ ಪಟ್ಟಿ ಉಜ್ಜಿ. ಕಾಸ್ಟಿಕ್ ಸೋಡಾ ಹಾಕಬೇಡಿ, ಅಲ್ಯೂಮಿನಿಯಂ ಇದ್ದರೆ ತಿಂದುಬಿಡುತ್ತದೆ. ಚಕ್ರಕ್ಕೆ ಅಲ್ಲಲ್ಲಿ ಸಣ್ಣ ಕ್ಲಿಪ್ ಸಿಕ್ಕಿಸಿರುತ್ತಾರೆ. ಅದು ತೂಕ ಸರಿ ಮಾಡಲು ಇಟ್ಟಿದ್ದು, ಕೀಳಬೇಡಿ.

ಫಿಲ್ಟರ್ ಕೂರುವ ಅಂಚಿಗೆ ಒಳಗಿನಿಂದ ರೀಪರ್ (ಸಣ್ಣ ಮರದ ಪಟ್ಟಿ) ಹೊಡೆದು, ಅದರ ಮೇಲೆ ಬಾಗಿಲಿಗೆ ಅಂಟಿಸುವ ಫೋಮ್ ಟೇಪ್ ಸುತ್ತಲೂ. ಮೂಲೆಯಲ್ಲಿ ಎರಡು ಟೇಪ್ ಸೇರುವ ಕಡೆ ಕೂದಲೆಳೆ ಸಂದೂ ಇರಬಾರದು. ಹೊರಗಿನಿಂದ ಬಟರ್‌ಫ್ಲೈ ನಟ್ ಹಾಕಿ ಫಿಲ್ಟರನ್ನು ಒತ್ತಿ ಹಿಡಿಯುವ ಪಟ್ಟಿ. ಫಿಲ್ಟರ್ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಅದು ಬ್ಲೋವರ್ ಕಡೆಗೆ ಇರಬೇಕು. ಪ್ರೀ ಫಿಲ್ಟರ್ ಅದರ ಹೊರಗೆ, ಸುಮ್ನೆ ಎಳೆದರೆ ಬರುವ ಹಾಗೆ.

ತೂಗುಹಾಕಲು ಸೀಲಿಂಗ್ ಫ್ಯಾನಿನ ಕೊಕ್ಕೆಯನ್ನೇ ಬಳಸಿದೆ. ಮರಗೆಲಸದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಇರಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಕೂತ ಪುಡಿಯನ್ನೆಲ್ಲಾ ಮತ್ತೆ ಎಬ್ಬಿಸುತ್ತದೆ. ಕೊಕ್ಕೆಗೆ ಒಂದು ಚೈನ್, ಜೊತೆಗೆ ಆಂಕರ್ ಫಾಸ್ಟ್‌ನರ್ ಹೊಡೆದು ಇನ್ನೆರಡು ಚೈನ್. ಒಂದೇ ಕೊಕ್ಕೆ ನಂಬಿ ತಲೆ ಮೇಲೆ ಇಷ್ಟು ಭಾರ ತೂಗಬೇಡಿ.

ಹುಬ್ಬಳ್ಳಿ ಲೇಥ್

ಫ್ಯಾನಿನ ರೆಗ್ಯುಲೇಟರ್‌ಗೇ ಸಿಕ್ಕಿಸಿದಿರಾ?

ಗುಜರಿ ಪ್ರೇಮಿ

ಅಯ್ಯೋ ಬೇಡ. ಚಿಮಣಿ ಮೋಟರಿಗೆ ನಿಧಾನ, ಮಧ್ಯಮ, ಜೋರು ಅಂತ ಬೇರೆ ಬೇರೆ ವೈರ್ ಬರುತ್ತದೆ. ಒಂದು ತಿರುಗಿಸುವ ಸ್ವಿಚ್ ಹಾಕಿ, ಒಂದು ಸಲಕ್ಕೆ ಒಂದೇ ವೈರಿಗೆ ಕರೆಂಟ್ ಹೋಗುವ ಹಾಗೆ. ಫ್ಯಾನ್ ರೆಗ್ಯುಲೇಟರ್ ಹಾಕಿದರೆ ಗುಯ್ ಅನ್ನುತ್ತದೆ, ಬಿಸಿಯಾಗುತ್ತದೆ. ಮೋಟರಿನ ಲೋಹದ ಮೈಗೆ ಅರ್ಥಿಂಗ್ ಕಡ್ಡಾಯ. ಬಿಚ್ಚುವಾಗ ಕೆಪಾಸಿಟರ್ ಮುಟ್ಟುವ ಮೊದಲು ಹುಷಾರು, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ.

ಬೀಟೆ ಮರ

ಪೆಟ್ಟಿಗೆ ಚೆನ್ನಾಗಿದೆ. ಆದರೆ ಅದು ಗಾಳಿಗೆ ಸೇರಿದ ಪುಡಿಯನ್ನು ಹಿಡಿಯುವುದು, ಅಲ್ವಾ? ಅಷ್ಟು ಹೊತ್ತಿಗೆ ನಿಮ್ಮ ಮೂಗು ತನ್ನ ಪಾಲು ತೆಗೆದುಕೊಂಡಾಗಿರುತ್ತದೆ. ಸ್ಯಾಂಡರ್ ಬಾಯಿಗೇ ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ. ಬರುವ ಪುಡಿಯಲ್ಲಿ ಬಹುಪಾಲು ಅಲ್ಲೇ ಹೋಗುತ್ತದೆ. ಮಾಸ್ಕ್ ತೆಗೆಯಬೇಡಿ. ಪೆಟ್ಟಿಗೆಯನ್ನು ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಓಡಲು ಬಿಟ್ಟು, ಆಮೇಲೆ ಮಾಸ್ಕ್ ತೆಗೆಯಿರಿ. ಒಣ ಪೊರಕೆಯಲ್ಲಿ ಗುಡಿಸಬೇಡಿ. ಒದ್ದೆ ಬಟ್ಟೆ ಅಥವಾ ವ್ಯಾಕ್ಯೂಮ್. ನನ್ನ ಹುಡುಗರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಫಿಲ್ಟರ್ ಮಾಮ

ನೂರಕ್ಕೆ ನೂರು. ಜಾಗದ ಬಗ್ಗೆ ಒಂದು ಮಾತು. ನಿಮ್ಮ ತಲೆಯ ನೇರ ಮೇಲೆ ಪೆಟ್ಟಿಗೆ ತೂಗಬೇಡಿ. ಬೆಂಚಿನ ಪುಡಿ ಫಿಲ್ಟರಿಗೆ ಹೋಗುವ ದಾರಿಯಲ್ಲಿ ನಿಮ್ಮ ಮುಖ ಇರಬಾರದು. ಉದ್ದ ಗೋಡೆಯ ಪಕ್ಕ ತೂಗಿ, ಹೊರಬಾಯಿ ಗೋಡೆಗುಂಟ ಇರಲಿ. ಗಾಳಿ ಗೋಡೆ ಹಿಡಿದು ಕೋಣೆ ಸುತ್ತಿ ವಾಪಸ್ ಬರುತ್ತದೆ, ಮೂಲೆಯ ಪುಡಿಯೂ ಎದ್ದು ಬರುತ್ತದೆ.

ಪುಟ್ಟಿಯ ಅಮ್ಮ

ಪಾಲಿಶ್ ವಾಸನೆಗೂ ಇದೇ ಆಗುತ್ತದಾ? ನಾನು ಆಟಿಕೆಗೆ ಅರಗಿನ ಬಣ್ಣ ಹಾಕುತ್ತೇನೆ, ಅದಕ್ಕೆ ತೊಂದರೆ ಇಲ್ಲ. ಕೆಲವು ಸಲ ಮೆಲಮೈನ್ ಪಾಲಿಶ್ ಕೇಳುತ್ತಾರೆ.

ಫಿಲ್ಟರ್ ಮಾಮ

ಆಗುವುದಿಲ್ಲ ಮೇಡಂ. ಈ ಫಿಲ್ಟರ್ ಕಣ ಹಿಡಿಯುತ್ತದೆ, ಆವಿ ಹಿಡಿಯುವುದಿಲ್ಲ. ಥಿನ್ನರ್, ಮೆಲಮೈನ್, ಪಿಯು, ಫಾರ್ಮೈಕಾ ಅಂಟಿಸುವ ಅಂಟು ಇವೆಲ್ಲಾ ಆವಿ. ಇದ್ದಿಲು ಲೇಪಿಸಿದ ತೆಳು ಹಾಳೆ ಮಾರುತ್ತಾರೆ, ಥಿನ್ನರ್ ಮುಂದೆ ಅದು ಬೇಗ ಕೈ ಚೆಲ್ಲುತ್ತದೆ. ಪಾಲಿಶ್ ಕೆಲಸ ಹೊರಗೆ ಬಯಲಿನಲ್ಲಿ ಮಾಡಿ, ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಎನ್95 ಅದಕ್ಕಲ್ಲ. ಇನ್ನೂ ಮುಖ್ಯ, ಥಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಈ ಪೆಟ್ಟಿಗೆಯ ಸ್ವಿಚ್ ಒತ್ತಲೇಬೇಡಿ. ಒಂದು ಕಿಡಿ ಸಾಕು. ಅದೇ ಕಾರಣಕ್ಕೆ ಕಬ್ಬಿಣ ಗ್ರೈಂಡ್ ಮಾಡುವವರು ಅದೇ ಪೆಟ್ಟಿಗೆಯ ಹತ್ತಿರ ಮಾಡಬೇಡಿ. ಫಿಲ್ಟರ್ ತುಂಬಾ ಒಣ ಮರದ ಪುಡಿ, ಕಿಡಿ ಒಳಗೆ ಹೋದರೆ ಒಳಗೊಳಗೇ ಹೊಗೆಯಾಡುತ್ತದೆ.

ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಕೊಯ್ಯುವವರಿಗೂ ಇದೇ ಮಾತು. ಪುಡಿ ಸಿಗುತ್ತದೆ, ಅದರ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಸಿಗುವುದಿಲ್ಲ. ಕಿಟಕಿ ತೆರೆಯಿರಿ.

ಕರಾವಳಿ ಮಳೆ

ಫಿಲ್ಟರ್ ಒಗೆದು ಮತ್ತೆ ಹಾಕಬಹುದಾ? ಯಾವಾಗ ಬದಲಿಸಬೇಕು ಅಂತ ಗೊತ್ತಾಗುವುದು ಹೇಗೆ? ಬಣ್ಣ ನೋಡಿದರೆ ಮೊದಲ ವಾರವೇ ಕಂದು.

ಫಿಲ್ಟರ್ ಮಾಮ

ಪ್ರೀ ಫಿಲ್ಟರ್ ಒಗೆಯಿರಿ, ಪೂರ್ತಿ ಒಣಗಿಸಿ ಹಾಕಿ. ಫೈನ್ ಫಿಲ್ಟರ್ ಒಗೆಯಬಾರದು. ಎಷ್ಟೋ ಫೈನ್ ಫಿಲ್ಟರುಗಳ ಎಳೆಗೆ ಸ್ಥಿರ ವಿದ್ಯುತ್ ತುಂಬಿರುತ್ತಾರೆ, ಸಣ್ಣ ಕಣವನ್ನು ಎಳೆದು ಹಿಡಿಯುವುದೇ ಅದು. ಸೋಪು ನೀರು ಸೋಕಿದರೆ ಹೋಯಿತು. ನೋಡಲು ಬೆಳ್ಳಗೆ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ಕಂಪ್ರೆಸರ್ ಗಾಳಿ ಹೊಡೆದರೂ ಎಳೆ ಹರಿಯುತ್ತದೆ.

ಬದಲಿಸುವುದು ಬಣ್ಣ ನೋಡಿ ಅಲ್ಲ, ಒತ್ತಡ ನೋಡಿ. ಅದಕ್ಕೆ ದುಬಾರಿ ಮೀಟರ್ ಬೇಡ. ಮೇಸ್ತ್ರಿಗಳು ಮಟ್ಟ ನೋಡುವ ಲೆವೆಲ್ ಪೈಪ್ ಗೊತ್ತಲ್ಲ? ಅದರದ್ದೇ ಒಂದು ತುಂಡು ತಂದು ಹಲಗೆಯ ಮೇಲೆ ಯು ಆಕಾರಕ್ಕೆ ಬಾಗಿಸಿ ಕಟ್ಟಿ. ಇಂಕ್ ಹಾಕಿದ ನೀರು ಅರ್ಧ ತುಂಬಿ. ಒಂದು ತುದಿ ಪೆಟ್ಟಿಗೆಯ ಒಳಗೆ, ಫಿಲ್ಟರಿಗೂ ಬ್ಲೋವರಿಗೂ ನಡುವೆ. ಇನ್ನೊಂದು ತುದಿ ಹೊರಗೆ ತೆರೆದಿರಲಿ. ಬ್ಲೋವರ್ ಓಡಿದಾಗ ಒಳಗಿನ ತುದಿಯ ಕಡೆ ನೀರು ಏರುತ್ತದೆ. ಎರಡು ಕಡೆಯ ನೀರಿನ ಮಟ್ಟಕ್ಕೆ ಒಂದು ಮಿಲಿಮೀಟರ್ ವ್ಯತ್ಯಾಸ ಅಂದರೆ ಹತ್ತಿರ ಹತ್ತಿರ 10 ಪಾಸ್ಕಲ್. ಹೊಸ ಫಿಲ್ಟರಿನಲ್ಲಿ ನಿಮಗೆ ವ್ಯತ್ಯಾಸ ಕಾಣುವುದೇ ಕಷ್ಟ. ಆಗ ಪೈಪಿನ ಹೊರಗಿನ ತುದಿಯನ್ನು ನೀರು ತುಂಬಿದ ಅಗಲವಾದ ತೆರೆದ ಬಾಟಲಿಯಲ್ಲಿ ಮುಳುಗಿಸಿ, ಪೆಟ್ಟಿಗೆಯ ಒಳಗೆ ಹೋಗುವ ಕಾಲನ್ನು ನೆಟ್ಟಗೆ ನಿಲ್ಲಿಸುವ ಬದಲು ಒಂದಕ್ಕೆ ಹತ್ತರ ಇಳಿಜಾರಿನಲ್ಲಿ ಮಲಗಿಸಿ. ಒಂದು ಮಿಲಿಮೀಟರ್ ಏರಿದರೆ ಪೈಪಿನುದ್ದಕ್ಕೆ ನೀರು ಒಂದು ಸೆಂಟಿಮೀಟರ್ ಸರಿಯುತ್ತದೆ. ಆ ಕಾಲಿನ ಪಕ್ಕ ಸ್ಕೇಲ್ ಅಂಟಿಸಿ, ಹೊಸ ಫಿಲ್ಟರ್ ಹಾಕಿದ ದಿನ ನೀರು ಎಲ್ಲಿ ನಿಲ್ಲುತ್ತದೆ ಅಂತ ಗೆರೆ ಎಳೆಯಿರಿ. ಅದರ ಎರಡು ಮೂರು ಪಟ್ಟು ಆದಾಗ ಮೊದಲು ಪ್ರೀ ಫಿಲ್ಟರ್ ಒಗೆಯಿರಿ. ಆಗಲೂ ಇಳಿಯದಿದ್ದರೆ ಫೈನ್ ಫಿಲ್ಟರ್ ಬದಲಿಸಿ.

ಹುಬ್ಬಳ್ಳಿ ಲೇಥ್

ಮಾಮಾರ, ಇದನ್ನು ಓದಿ ಲೆವೆಲ್ ಪೈಪ್ ತರಲು ಹೊರಟೆ. ಇನ್ನೊಂದು ಕೇಳುವುದಿತ್ತು. ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣ ಘನ ಮೀಟರಿಗೆ ಎಷ್ಟು ಮೈಕ್ರೋಗ್ರಾಂ ಇದೆ ಅಂತ ತೋರಿಸುವ ಸಣ್ಣ ಮೀಟರ್ ಇದೆ ನನ್ನ ಹತ್ತಿರ. ಸ್ಯಾಂಡರ್ ಹಚ್ಚಿದರೆ 400 ದಾಟುತ್ತದೆ. ಯುರೋಪಿನಲ್ಲಿ ಮರದ ಪುಡಿಗೆ ಮಿತಿ ಘನ ಮೀಟರಿಗೆ 2 ಮಿಲಿಗ್ರಾಂ ಅಂತ ಓದಿದೆ. ಅಂದರೆ 2000 ಮೈಕ್ರೋಗ್ರಾಂ. ಹಾಗಾದರೆ 400 ಏನೂ ಅಲ್ಲ ಅಂತಾಯಿತಾ?

ಫಿಲ್ಟರ್ ಮಾಮ

ಎರಡೂ ಒಂದೇ ಅಳತೆ ಅಲ್ಲ. ಆ 2 ಮಿಲಿಗ್ರಾಂ ಮೂಗಿಗೆ ಬರುವ ದಪ್ಪ ಸಣ್ಣ ಎಲ್ಲಾ ಸೇರಿದ ತೂಕ, ಗಟ್ಟಿ ಮರದ ಪುಡಿಗೆ, ಎಂಟು ಗಂಟೆ ಪಾಳಿಯ ಸರಾಸರಿ. ನಿಮ್ಮ ಮೀಟರ್ ಹೇಳುವುದು ಅದರಲ್ಲಿ ಅತೀ ಸಣ್ಣ ಪಾಲು ಮಾತ್ರ. ಜೊತೆಗೆ ಆ ಅಗ್ಗದ ಮೀಟರುಗಳು ಬೆಳಕಿನ ಚೆದುರುವಿಕೆ ನೋಡಿ ಅಂದಾಜು ಹೇಳುತ್ತವೆ, ಮರದ ಪುಡಿಗೆ ಅಂತ ಹೊಂದಿಸಿದ್ದಲ್ಲ. ನಮ್ಮ ದೇಶದಲ್ಲಿ ಹೊರಗಿನ ಗಾಳಿಗೆ ಪಿಎಂ 2.5ರ 24 ಗಂಟೆಯ ಮಿತಿಯೇ 60. ಅಂಕಿಯನ್ನು ನಂಬಬೇಡಿ, ಅದು ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ನಂಬಿ. ಅದಕ್ಕೆ ನಿಮ್ಮ ಮೀಟರ್ ಧಾರಾಳ ಸಾಕು.

ಹೀಗೆ ಮಾಡಿ. ಬಾಗಿಲು ಕಿಟಕಿ ಮುಚ್ಚಿ. ಕೋಣೆಯಲ್ಲಿ ಊದುಬತ್ತಿ ಹಚ್ಚಿ ಮೀಟರ್ ಏರಲು ಬಿಡಿ. ಆರಿಸಿ. ಪೆಟ್ಟಿಗೆ ಹಾಕದೆ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಅಂತ ನೋಡಿ. ಮತ್ತೆ ಊದುಬತ್ತಿ ಹಚ್ಚಿ ಪೆಟ್ಟಿಗೆ ಹಾಕಿ ನೋಡಿ. ಎರಡು ಸಲಕ್ಕೂ ಬೇರೆ ಬೇರೆಯಾಗಿ 0.69ನ್ನು ಆ ಹೊತ್ತಿನಿಂದ, ಗಂಟೆಯ ಲೆಕ್ಕದಲ್ಲಿ, ಭಾಗಿಸಿ. ಎರಡರ ವ್ಯತ್ಯಾಸವನ್ನು ಕೋಣೆಯ ಘನ ಮೀಟರಿನಿಂದ ಗುಣಿಸಿದರೆ ಪೆಟ್ಟಿಗೆ ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅಂತ ಸಿಗುತ್ತದೆ.

ತಾರಸಿ ಬಡಗಿ

ಸ್ವಲ್ಪ ದಿನ ಮೌನವಾಗಿದ್ದೆ, ಕೆಲಸ ನಡೆಯುತ್ತಿತ್ತು. ಪೆಟ್ಟಿಗೆ ಆಯಿತು! ಚಿಮಣಿ ನಮ್ಮ ಭಾವನ ಮನೆಯ ಅಟ್ಟದಲ್ಲೇ ಸಿಕ್ಕಿತು. ಉಳಿದದ್ದು ಗುಜರಿ ಪ್ರೇಮಿ ಹೇಳಿದ ಹಾಗೇ, ಗೋಡೆ ಪಕ್ಕಕ್ಕೆ ತೂಗಿದ್ದೇನೆ. ಆಂಕರ್ ನಾಲ್ಕು ಹೊಡೆದೆ.

ಊದುಬತ್ತಿ ಲೆಕ್ಕ ಇಲ್ಲಿದೆ. ಪೆಟ್ಟಿಗೆ ಇಲ್ಲದೆ ಅರ್ಧಕ್ಕೆ ಇಳಿಯಲು ಸುಮಾರು 40 ನಿಮಿಷ. ಮಧ್ಯಮ ವೇಗದಲ್ಲಿ 4 ನಿಮಿಷ, ಜೋರಿನಲ್ಲಿ 3. ಮಾಮನ ಸೂತ್ರ ಹಾಕಿದರೆ ಮಧ್ಯಮದಲ್ಲಿ ಗಂಟೆಗೆ 320 ಘನ ಮೀಟರ್, ಜೋರಿನಲ್ಲಿ 440ರ ಹತ್ತಿರ. ಸರೀನಾ? ಜೋರಿನಲ್ಲಿ ಇಟ್ಟರೆ ರೇಡಿಯೋ ಕೇಳಿಸುವುದಿಲ್ಲ, ಮಧ್ಯಮದಲ್ಲೇ ಇಡುತ್ತಿದ್ದೇನೆ.

ಫಿಲ್ಟರ್ ಮಾಮ

ಲೆಕ್ಕ ಸರಿ ಇದೆ. ನಿಮಗೆ ಬೇಕಿದ್ದ 272ನ್ನು ಮಧ್ಯಮದಲ್ಲೇ ದಾಟಿದೆ. ಊದುಬತ್ತಿ ಹೊಗೆಯ ಕಣ ಮರದ ಪುಡಿಗಿಂತ ತುಂಬಾ ಸಣ್ಣದು, ಎಫ್7 ಹಿಡಿಯಲು ಕಷ್ಟಪಡುವ ಅಳತೆ. ಮರದ ಪುಡಿಗೆ ಇದಕ್ಕಿಂತ ಚೆನ್ನಾಗೇ ಕೆಲಸ ಮಾಡುತ್ತದೆ.

ತಾರಸಿ ಬಡಗಿ

ಒಂದೇ ಒಂದು ಕಿರಿಕಿರಿ. ಜೋರಿಗೆ ತಿರುಗಿಸಿದರೆ ಒಂದು ಕಡೆಯಿಂದ ಸಣ್ಣಗೆ ಸಿಳ್ಳೆ ಬರುತ್ತದೆ. ಮೋಟರ್ ಸದ್ದಲ್ಲ.

ಗುಜರಿ ಪ್ರೇಮಿ

ಸಂದಿನಿಂದ ಗಾಳಿ ಎಳೆಯುತ್ತಿದೆ. ಉರಿಯುವ ಊದುಬತ್ತಿಯನ್ನು ಫಿಲ್ಟರಿನ ಅಂಚಿಗುಂಟ ನಿಧಾನ ಸುತ್ತ ತನ್ನಿ, ಕಿಡಿ ಫಿಲ್ಟರಿಗೆ ತಾಗದ ಹಾಗೆ ಒಂದು ಗೇಣು ದೂರ ಇರಲಿ. ಹೊಗೆ ಎಲ್ಲಿ ದಾರದ ಹಾಗೆ ನೆಟ್ಟಗಾಗಿ ಒಳಗೆ ನುಗ್ಗುತ್ತದೋ ಅಲ್ಲೇ ಸಂದು. ಎಂಬತ್ತು ಭಾಗ ಅದು ಮೂಲೆಯಲ್ಲಿ ಫೋಮ್ ಟೇಪ್ ಸೇರುವ ಕಡೆ ಇರುತ್ತದೆ. ಆ ತುಂಡು ಕಿತ್ತು, ಮೂಲೆ ಸುತ್ತಿ ಬರುವ ಹಾಗೆ ಒಂದೇ ಉದ್ದದ ಟೇಪ್ ಹಾಕಿ.

ತಾರಸಿ ಬಡಗಿ

ಕೆಳಗಿನ ಬಲ ಮೂಲೆ. ಟೇಪ್ ಬದಲಿಸಿದೆ, ಸಿಳ್ಳೆ ನಿಂತಿತು. ಪಕ್ಕದ ಮನೆಯ ಅಜ್ಜಿ ಮೇಲೆ ಬಂದು ನೋಡಿ, "ಇದರಲ್ಲಿ ಎಸಿ ತರ ತಂಪು ಬರುತ್ತದಾ?" ಅಂದರು. ಇಲ್ಲ ಅಜ್ಜಿ ಅಂದೆ. "ಮತ್ತೆ ಇಷ್ಟು ದೊಡ್ಡ ಡಬ್ಬ ಯಾಕೆ?" ಅಂತ ಕೇಳಿ ಇಳಿದು ಹೋದರು.